ಮಿತಿ ಯಾರ ಕೈಯಲ್ಲಿದೆ? – ಕಳ್ಳಿನ ಕುರಿತು ಒಂದು ಚಿಂತನೆ

“ಕುಡಿಯುವುದು ಪಾಪವೇ, ಫಾದರ್?” ಎಂಬ ಪ್ರಶ್ನೆಯನ್ನು ಎದುರಿಸದ ಧರ್ಮಗುರು ನಮ್ಮ ಕರಾವಳಿಯಲ್ಲಿ ಇರಲಾರರು. ಯುವಜನರ ಶಿಬಿರಗಳಲ್ಲಿ ಈ ಪ್ರಶ್ನೆಯನ್ನು ನಗುತ್ತಾ ಕೇಳುತ್ತಾರೆ. ವಿವಾಹ ಸಿದ್ಧತೆಯ ತರಬೇತಿಗಳಲ್ಲಿ ಹೆಣ್ಣುಮಕ್ಕಳು ನಗದೆ ಕೇಳುತ್ತಾರೆ. ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಪಾನೀಯವು ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಮಿತಿ ಮೀರುವುದು ಕೆಟ್ಟದ್ದು. 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಇದನ್ನೇ ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ದ್ರಾಕ್ಷಾರಸವು ಸ್ವತಃ ನಿಷಿದ್ಧವಲ್ಲ. ಆದರೆ ಅದನ್ನು ತಾಳಲಾರದ ದೇಹಪ್ರಕೃತಿಯವನಿಗೆ, ಕುಡಿಯುವುದಿಲ್ಲವೆಂದು ವ್ರತ ತೊಟ್ಟವನಿಗೆ, ಅಳತೆ ಮೀರಿ ಕುಡಿಯುವವನಿಗೆ, ಮತ್ತು ತನ್ನ ಕುಡಿತದಿಂದ ಇತರರು ಎಡವುವಂತೆ ಮಾಡುವವನಿಗೆ ಅದು ನಿಷಿದ್ಧವಾಗುತ್ತದೆ. ಸೆಮಿನರಿಯಲ್ಲಿ ನಾವು ಇದನ್ನು ಕಂಠಪಾಠ ಮಾಡಿದ್ದೆವು. ಉತ್ತರದಲ್ಲಿ ತಪ್ಪೇನೂ ಇಲ್ಲ.

ಆದರೂ ಮೂವತ್ತು ವರ್ಷಗಳ ಸೇವೆಯ ನಂತರ ಈ ಉತ್ತರ ಅರ್ಧಕ್ಕೆ ನಿಂತಂತೆ ನನಗೆ ಅನ್ನಿಸುತ್ತದೆ. ನಾವು “ಮಿತವಾಗಿರು” ಎಂದು ಹೇಳುವುದು ಯಾರಿಗೆ? ದಿನವಿಡೀ ದುಡಿದು ದಣಿದ, ಜೇಬಿನಲ್ಲಿ ಅಂದಿನ ಕೂಲಿ ಇರುವ, ಮನೆಗೆ ಹೋಗುವ ದಾರಿಯಲ್ಲಿ ಮೂರು ಅಂಗಡಿಗಳನ್ನು ದಾಟಬೇಕಾದ ಒಬ್ಬ ಮನುಷ್ಯನಿಗೆ. ಅವನ ಮನೋಬಲದ ಮೇಲೆ ನಾವು ಇಡೀ ಸದ್ಗುಣದ ಭಾರವನ್ನು ಹೊರಿಸುತ್ತೇವೆ. ಮಿತವೆಂಬುದು ಒಬ್ಬನ ಎದೆಯೊಳಗೆ ಮಾತ್ರ ವಾಸಿಸುವ ಗುಣವೇ? ಅಥವಾ ಅದು ಪಾನೀಯದಲ್ಲಿ, ಅದನ್ನು ಕೊಡುವವನಲ್ಲಿ, ಸುತ್ತ ಕುಳಿತವರಲ್ಲಿ, ಒಟ್ಟಾರೆ ಬದುಕಿನ ಏರ್ಪಾಟಿನಲ್ಲಿ ಹಂಚಿಕೊಂಡಿರುವ ಸಂಗತಿಯೇ? ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವ ಬದಲು ನಮ್ಮ ನೆಲದ ಪಾನೀಯವೊಂದನ್ನೇ ಎದುರಿಗಿಟ್ಟುಕೊಂಡು ನೋಡುವುದು ಒಳ್ಳೆಯದು. ಅದು ಕಳ್ಳು. ತುಳುವಿನಲ್ಲಿ ಕಲಿ, ಕೊಂಕಣಿಯಲ್ಲಿ ಸುರ್, ಬಯಲುಸೀಮೆಯ ಮಾತಿನಲ್ಲಿ ಹೆಂಡ ಅಥವಾ ಶೇಂದಿ.

ಬಯಲುಸೀಮೆಯಲ್ಲಿ ಅದು ಬಹುಮಟ್ಟಿಗೆ ಈಚಲು ಮರದ್ದು. ಕರಾವಳಿಯಲ್ಲಿ ತೆಂಗು ಮತ್ತು ತಾಳೆಯದ್ದು. ಮಲೆನಾಡಿನ ಅಂಚಿಗೆ ಹೋದರೆ ಬೈನೆಯದ್ದೂ ಉಂಟು. ತೆಂಗಿನ ಕಳ್ಳು ಇಳಿಸುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದು ಎಂಥ ಕುಶಲವಿದ್ಯೆಯೆಂದು ಗೊತ್ತು. ಅರಳುವ ಮುಂಚಿನ ಹೊಂಬಾಳೆಯನ್ನು ಆಯ್ದು, ಅದು ಒಡೆಯದಂತೆ ನಾರಿನಿಂದ ಬಿಗಿದು ಕಟ್ಟಬೇಕು. ಬಳಿಕ ದಿನದಿನವೂ ಮೂಳೆಯ ತುಂಡಿನಿಂದಲೋ ಗಟ್ಟಿಮರದ ಕೋಲಿನಿಂದಲೋ ಅದರ ಮೈಯನ್ನು ಹದವಾಗಿ ತಟ್ಟಬೇಕು. ಹೆಚ್ಚು ಬಲ ಹಾಕಿದರೆ ಒಳಗಿನ ಹೂ ಜಜ್ಜಿ ಕೊಳೆಯುತ್ತದೆ, ಕಡಿಮೆಯಾದರೆ ರಸ ಒಸರುವುದಿಲ್ಲ. ತುದಿಯನ್ನು ಹರಿತವಾದ ಕತ್ತಿಯಿಂದ ಎಳೆಯೆಳೆಯಾಗಿ ಕೆತ್ತುತ್ತಾ ಬರಬೇಕು. ಹಲವು ದಿನ ಹೀಗೆ ಆರೈಕೆ ಮಾಡಿದ ಮೇಲೆ ಒಂದು ಬೆಳಗ್ಗೆ ರಸ ತೊಟ್ಟಿಕ್ಕತೊಡಗುತ್ತದೆ. ಆಮೇಲೆ ಮಡಕೆ ಕಟ್ಟುವುದು. ಬೆಳಗ್ಗೆಯೂ ಸಂಜೆಯೂ ಹತ್ತಿ ಇಳಿಯುವುದು, ಮಳೆಯಿರಲಿ ಬಿಸಿಲಿರಲಿ, ಹಬ್ಬವಿರಲಿ ಜ್ವರವಿರಲಿ. ಒಂದು ದಿನ ಕೆತ್ತದೆ ಬಿಟ್ಟರೂ ಗಾಯ ಒಣಗಿ ರಸ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿದರೆ ಒಂದು ಮರ ದಿನಕ್ಕೆ ಕೊಡುವುದು ಒಂದೂವರೆ, ಎರಡು ಲೀಟರ್ ಅಷ್ಟೇ.

ಮಡಕೆಗೆ ಬಿದ್ದಾಗ ಅದು ಬರೀ ಸಿಹಿನೀರು. ನೂರಕ್ಕೆ ಹನ್ನೆರಡರಿಂದ ಹದಿನೈದು ಪಾಲು ಸಕ್ಕರೆ ಇರುವ ಆ ರಸದಲ್ಲಿ ಅಮಲು ಎಳ್ಳಷ್ಟೂ ಇಲ್ಲ. ಅದನ್ನೇ ನೀರಾ ಎನ್ನುವುದು. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ನೀರಾ ಆಗಿಯೇ ಉಳಿದು, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಕಣ್ಣಿಗೆ ಕಾಣದ ಹುಳಿಯ ಅಣುಜೀವಿಗಳು ಕೂಡಲೇ ಕೆಲಸಕ್ಕೆ ತೊಡಗುತ್ತವೆ. ಕೆಲವೇ ಗಂಟೆಗಳಲ್ಲಿ ನೊರೆ ಏಳುತ್ತದೆ; ಸಂಜೆಯ ಹೊತ್ತಿಗೆ ಅದು ಕಳ್ಳು, ನೂರಕ್ಕೆ ನಾಲ್ಕೈದು ಪಾಲಿನ ಸೌಮ್ಯವಾದ ಅಮಲು. ಮರುದಿನಕ್ಕೆ ಹುಳಿ ಏರಿ ಗಂಟಲಿಗೆ ಒಗ್ಗದು, ಕೆಲವು ದಿನ ಇಟ್ಟರೆ ವಿನೆಗರ್. ಒಂದೇ ರಸ, ಒಂದೇ ಮಡಕೆ. ಕಾಲ ಮಾತ್ರ ಅದನ್ನು ಸಿಹಿಯಿಂದ ಅಮಲಿಗೆ, ಅಮಲಿನಿಂದ ಹುಳಿಗೆ ಸಾಗಿಸುತ್ತದೆ.

ಈ ಒಂದು ದಿನದ ಆಯುಸ್ಸಿನ ಬಗ್ಗೆ ಸ್ವಲ್ಪ ನಿಂತು ಯೋಚಿಸೋಣ. ಇಂಥ ಪಾನೀಯವನ್ನು ಕೂಡಿಡಲಾಗದು, ದೂರಕ್ಕೆ ಸಾಗಿಸಲಾಗದು. ಹತ್ತು ಮರ ಹತ್ತುವವನ ಕೈಗೆ ಹದಿನೈದೋ ಇಪ್ಪತ್ತೋ ಲೀಟರ್. ಅದು ಆ ಊರಿನ ಇಂತಿಷ್ಟು ಮಂದಿಗೆ ಆ ಸಂಜೆಗೆ ಸಾಕು, ಅದಕ್ಕಿಂತ ಹೆಚ್ಚಿಗೆ ಇಲ್ಲ. ಮಡಕೆ ಬರಿದಾದ ಮೇಲೆ ಎಷ್ಟೇ ಹಣವಿದ್ದರೂ ಮರ ಇನ್ನೊಂದು ತೊಟ್ಟು ಕೊಡದು. ಕುಡಿಯುವವನು ಯಾರು, ಅವನ ಮನೆಯಲ್ಲಿ ಅಕ್ಕಿ ಇದೆಯೇ, ಮಗುವಿಗೆ ಕಾಯಿಲೆಯೇ ಎಂಬುದು ಕೊಡುವವನಿಗೆ ಗೊತ್ತು, ಏಕೆಂದರೆ ಇಬ್ಬರೂ ಒಂದೇ ಗದ್ದೆಯ ಹುಣಿಯಲ್ಲಿ ನಡೆಯುವವರು. ಮಿತಿಯು ಕುಡಿಯುವವನ ಮನಸ್ಸಿನಲ್ಲಿ ಇಲ್ಲದಿದ್ದರೂ ಮರದಲ್ಲಿತ್ತು, ಮಡಕೆಯಲ್ಲಿತ್ತು, ಹೊತ್ತು ಮುಳುಗುವುದರಲ್ಲಿತ್ತು, ನೆರೆಯವನ ಕಣ್ಣಿನಲ್ಲಿತ್ತು.

ಹಾಗೆಂದು ಹಿಂದಿನ ಕಾಲವೆಲ್ಲ ಚಿನ್ನವಾಗಿತ್ತು ಎಂದು ನಾನು ಹೇಳಲಾರೆ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿದವರಿಗೆ ಆ ಭ್ರಮೆ ಉಳಿಯದು. ತಾನು ಬೇಸಾಯ ಮಾಡಬೇಕೆಂಬ ಒಂದೇ ಆಸೆಯನ್ನು ಲೋಕ ನಿರಾಕರಿಸಿದಾಗ ಚೋಮನಿಗೆ ಉಳಿದದ್ದು ದುಡಿ ಮತ್ತು ಹೆಂಡ. ಹೆಂಡದ ಮಿತಿ ಚೋಮನಿಗೆ ತಿಳಿಯಲಿಲ್ಲವೆಂದು ಗದರುವವರು ಅವನಿಗೆ ಎರಡೆಕರೆ ಗದ್ದೆ ಏಕೆ ಸಿಗಲಿಲ್ಲ ಎಂಬುದನ್ನೂ ಕೇಳಬೇಕಾಗುತ್ತದೆ. ಕಳ್ಳಂಗಡಿಯಿಂದ ಗಂಡನನ್ನು ಹುಡುಕಿ ತರುತ್ತಿದ್ದ ಹೆಣ್ಣುಮಕ್ಕಳು ಆ ಕಾಲದಲ್ಲೂ ಇದ್ದರು. ಅವರ ಕಥೆಯನ್ನು ಬರೆದವರು ಕಡಿಮೆ. ಸ್ವತಃ ಕುಡಿಯದ ಜಿ. ಪಿ. ರಾಜರತ್ನಂ ಅವರು ಹೆಂಡಗುಡುಕ ರತ್ನನನ್ನು ಸೃಷ್ಟಿಸಿ ಕನ್ನಡಿಗರೆಲ್ಲರ ಪ್ರೀತಿಗೆ ಪಾತ್ರನನ್ನಾಗಿ ಮಾಡಿದರು. ರತ್ನನ ಬಗ್ಗೆ ನನಗೂ ಪ್ರೀತಿ ಉಂಟು. ಆದರೆ ಅವನ ಪುಟ್ನಂಜಿ ತನ್ನ ಬಾಯಿಂದ ಒಂದು ಪುಸ್ತಕ ಹೇಳಿದ್ದರೆ ಅದು ಹೇಗಿರುತ್ತಿತ್ತೋ ಎಂದು ಆಗಾಗ ಅನ್ನಿಸುತ್ತದೆ.

ಕಳ್ಳು ಕುಡಿಯುವುದಕ್ಕೆ ಮಾತ್ರ ಇದ್ದದ್ದಲ್ಲ ಎಂಬುದು ನಮ್ಮ ಮನೆಗಳ ಹೆಂಗಸರಿಗೆ ಚೆನ್ನಾಗಿ ಗೊತ್ತು. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಸಾಂತ್‌ಮಾರಿ, ಮದುವೆ, ತೆನೆಹಬ್ಬವೆಂದರೆ ಸನ್ನಾಣಗಳು ಬೇಕೇ ಬೇಕು. ನೆನೆಸಿದ ಅಕ್ಕಿಯನ್ನು ರುಬ್ಬಿ, ಅದಕ್ಕೆ ತಾಜಾ ಕಳ್ಳು ಬೆರೆಸಿಟ್ಟರೆ ಹಿಟ್ಟು ಉಬ್ಬಿ ಬರುತ್ತದೆ. ಹಬೆಯಲ್ಲಿ ಬೇಯಿಸಿದರೆ ಬಿಳಿಯ ಮೋಡದಂಥ, ಸಣ್ಣಗೆ ಸಿಹಿಹುಳಿಯಾದ ಸನ್ನಾಣ. ಪಕ್ಕದ ಮಾಂಸದ ಪಲ್ಯಕ್ಕೆ ಹುಳಿ ಕೊಡುವುದು ಅದೇ ಕಳ್ಳಿನ ವಿನೆಗರ್. ಕೇರಳದ ಅಪ್ಪಕ್ಕೂ ಹಳೆಯ ಕ್ರಮದಲ್ಲಿ ಕಳ್ಳೇ ಹುಳಿ. ಕಲಿಯನ್ನು ಬಾಯಿಗೆ ಮುಟ್ಟಿಸದ ಅಜ್ಜಿಯರೂ ಹಬ್ಬದ ಮುನ್ನಾದಿನ “ಕಲಿ ಬಂತೇ?” ಎಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ತುಳುನಾಡಿನ ದೈವಾರಾಧನೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಕೊರಗಜ್ಜನಿಗೆ ಹರಕೆ ಹೊತ್ತವರು ಚಕ್ಕುಲಿ, ವೀಳ್ಯದೆಲೆಯ ಜೊತೆ ಕಲಿಯನ್ನು ಒಪ್ಪಿಸುವುದನ್ನು ನಮ್ಮ ನೆರೆಹೊರೆಯಲ್ಲಿ ಇಂದಿಗೂ ಕಾಣಬಹುದು.

ನಮ್ಮ ಕರಾವಳಿಯೊಂದರ ಮಾತಲ್ಲ ಇದು. ತಾಳೆ ಬೆಳೆಯುವ ನೆಲದಲ್ಲೆಲ್ಲ ಇಂಥದ್ದೇ ಕ್ರಮಗಳಿವೆ. ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿ ಇಗ್ಬೊ ಜನರ ಮದುವೆಯಲ್ಲಿ ವಧುವಿನ ಕೈಗೆ ತಾಳೆರಸದ ಬಟ್ಟಲನ್ನು ಕೊಡುತ್ತಾರೆ. ನೆರೆದ ಜನರ ನಡುವೆ ಎಲ್ಲೋ ಕುಳಿತಿರುವ ವರನನ್ನು ಅವಳು ಹುಡುಕಿ, ಆ ಬಟ್ಟಲನ್ನು ಅವನಿಗೆ ಕೊಡಬೇಕು. ದಾರಿಯಲ್ಲಿ ಇತರ ಗಂಡಸರು “ಇಲ್ಲಿ, ಇಲ್ಲಿ” ಎಂದು ಕರೆದು ಕೀಟಲೆ ಮಾಡುತ್ತಾರೆ. ಅವನು ಕುಡಿದಾಗ ಊರಿಗೆ ಊರೇ ಸಾಕ್ಷಿ. ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ತಾಳೆರಸ ತಂದವನೇ ಮೊದಲ ಬಟ್ಟಲನ್ನು ಕುಡಿದು ತೋರಿಸುವ ರೂಢಿಯನ್ನು ಚಿತ್ರಿಸಿದ್ದಾರೆ. ಕೊಟ್ಟವನು ತಾನು ಕೊಟ್ಟದ್ದಕ್ಕೆ ಹೊಣೆ ಎಂಬ ಈ ರೂಢಿಯನ್ನು ಗಮನಿಸಬೇಕು, ಮುಂದೆ ಅದರ ಪ್ರಸ್ತಾಪ ಬರುತ್ತದೆ.

(ಆಫ್ರಿಕಾದ ಕೆಲವು ದೈವಶಾಸ್ತ್ರಜ್ಞರು ಬಲಿಪೂಜೆಯಲ್ಲಿ ದ್ರಾಕ್ಷಾರಸದ ಬದಲು ತಮ್ಮ ನೆಲದ ಪಾನೀಯವನ್ನು ಬಳಸಬಹುದೇ ಎಂದು ಕೇಳಿದ್ದುಂಟು. ಧರ್ಮಸಭೆಯ ಕಾನೂನು, 1983ರ ಸಂಹಿತೆಯ 924ನೆಯ ನಿಯಮ, ದ್ರಾಕ್ಷಿಯ ಹಣ್ಣಿನಿಂದಾದ ಶುದ್ಧ ರಸವೇ ಆಗಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಪ್ರಭುವಿನ ಕೊನೆಯ ಭೋಜನದ ಚರಿತ್ರೆಗೆ ನಿಷ್ಠವಾಗಿರುವುದು ಇದರ ಉದ್ದೇಶ. ತಾಳೆ, ತೆಂಗಿನ ರಸ ಕೀಳೆಂಬ ಅರ್ಥ ಇದರಲ್ಲಿಲ್ಲ.)

ಈಗ ಮರ ಹತ್ತುವವನ ಕಡೆಗೆ ಬರೋಣ. ಕಳ್ಳಿನ ಬಗ್ಗೆ ಉಪದೇಶ ಮಾಡುವವರೂ, ಹಾಡು ಕಟ್ಟುವವರೂ ಸಾಮಾನ್ಯವಾಗಿ ಕುಡಿಯುವವನನ್ನೇ ನೋಡುತ್ತಾರೆ. ಮರದ ತುದಿಯಲ್ಲಿರುವವನು ಕಣ್ಣಿಗೆ ಬೀಳುವುದಿಲ್ಲ. ತುಳುನಾಡಿನಲ್ಲಿ ಕಳ್ಳು ಇಳಿಸುವುದಕ್ಕೆ ಮೂರ್ತೆ ಎಂದು ಹೆಸರು, ಮಾಡುವವನು ಮೂರ್ತೆದಾರ. ಬಹುಪಾಲು ಈ ವೃತ್ತಿ ಬಿಲ್ಲವ ಸಮುದಾಯದವರದ್ದು. ಕೋಟಿ ಚೆನ್ನಯರಂಥ ವೀರರನ್ನೂ, ಅವರ ತಾಯಿ ದೇಯಿ ಬೈದೆದಿಯಂಥ ವೈದ್ಯೆಯನ್ನೂ ನೆನೆಯುವ ಸಮುದಾಯ ಅದು. ಬಯಲುಸೀಮೆಯಲ್ಲಿ ಈಡಿಗರು. ಮೂರ್ತೆದಾರನು ಮರದ ಒಡೆಯನಿಗೆ ಮರಕ್ಕಿಷ್ಟೆಂದು ಕೊಡಬೇಕು, ಸರಕಾರಕ್ಕೆ ಸುಂಕ ಕೊಡಬೇಕು, ಉಳಿದದ್ದು ತನಗೆ. ಕಾಲು ಜಾರಿದರೆ ಏನೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರದಿಂದ ಬಿದ್ದು ಸೊಂಟ ಮುರಿದು ಮಲಗಿದವರನ್ನು ನಮ್ಮ ಪ್ರತಿ ಊರೂ ಕಂಡಿದೆ.

ಇಷ್ಟು ಮಾಡಿದವನಿಗೆ ಸಮಾಜ ಕೊಟ್ಟ ಮರ್ಯಾದೆ ಏನು? ಅವನು ಇಳಿಸಿದ್ದನ್ನು ಸಂಜೆಗತ್ತಲಲ್ಲಿ ಕುಡಿದವರು ಹಗಲಿನಲ್ಲಿ ಅವನನ್ನು ದೂರ ನಿಲ್ಲಿಸಿದರು. ದೇವಾಲಯದ ಒಳಗೆ ಅವನಿಗೆ ಪ್ರವೇಶವಿರಲಿಲ್ಲ. ಈ ಅವಮಾನಕ್ಕೆ ಉತ್ತರವಾಗಿಯೇ ಮಂಗಳೂರಿನ ಬಿಲ್ಲವರು ಕೇರಳದ ನಾರಾಯಣ ಗುರುಗಳನ್ನು ಕರೆತಂದರು. 1912ರಲ್ಲಿ ಕುದ್ರೋಳಿಯ ಗೋಕರ್ಣನಾಥ ದೇವಾಲಯ ಅವರ ಕೈಯಿಂದ ಪ್ರತಿಷ್ಠಾಪನೆಗೊಂಡಿತು. ಕ್ರೈಸ್ತರಾದ ನಾವು ಈ ಲೆಕ್ಕದಿಂದ ಹೊರಗಿದ್ದೇವೆಂದು ಭಾವಿಸಬೇಕಾಗಿಲ್ಲ. ನಮ್ಮ ತೋಟಗಳ ತೆಂಗನ್ನೂ ಮೂರ್ತೆಗೆ ಕೊಟ್ಟು ಬಾಡಿಗೆ ಪಡೆದವರಿದ್ದರು. ಹಬ್ಬದ ಸನ್ನಾಣ ಅವನ ಕಲಿಯಿಂದ ಉಬ್ಬಿತು. ಆದರೆ ಅದನ್ನು ಬಡಿಸಿದ ಮೇಜಿನ ಬಳಿ ಅವನಿಗೆ ಕುರ್ಚಿ ಇಟ್ಟ ಮನೆಗಳು ಎಷ್ಟಿದ್ದವು? ಹೆಚ್ಚಾಗಿ ಅವನು ಹಿತ್ತಲ ಬಾಗಿಲಿಗೆ ಬಂದು ಹಿತ್ತಲ ಬಾಗಿಲಿನಿಂದಲೇ ಹೋದ.

12ನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯ ಎಂಬವರಿದ್ದರು. ಹೆಂಡ ಮಾರುವುದು ಅವರ ಕಾಯಕ, ಅವರು ರಚಿಸಿದ ಕೆಲವು ವಚನಗಳು ಇಂದಿಗೂ ಉಳಿದಿವೆ. ಅವರು ಶರಣರ ಸಮೂಹಕ್ಕೆ ಸೇರಿದ ಮೇಲೂ ಹೆಸರಿನ ಮುಂದಿನ ಆ ಪದ ಅಳಿಯಲಿಲ್ಲ, ಅಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಎಂಟುನೂರಕ್ಕೂ ಹೆಚ್ಚು ವರ್ಷಗಳಿಂದ ಕನ್ನಡಿಗರು ಆ ಹೆಸರನ್ನು ಗೌರವದಿಂದಲೇ ಉಚ್ಚರಿಸುತ್ತಿದ್ದಾರೆ. ವೃತ್ತಿಯೊಂದನ್ನು ಕೀಳೆಂದು ಕಾಣದೆ ಆ ವೃತ್ತಿಯವನನ್ನು ಪಂಕ್ತಿಯಲ್ಲಿ ಕೂರಿಸಿಕೊಂಡ ಉದಾಹರಣೆ ನಮ್ಮ ಭಾಷೆಯ ಒಳಗೇ ಇದೆ ಎಂಬುದಕ್ಕಾಗಿ ಇದನ್ನು ಹೇಳಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಆಕ್ಷೇಪ ಎತ್ತಿದವರು ಸ್ವತಃ ನಾರಾಯಣ ಗುರುಗಳು. ಕಳ್ಳಿನ ವೃತ್ತಿಗೆ ಸೇರಿದ್ದ ಈಳವ ಸಮುದಾಯದಲ್ಲಿ ಹುಟ್ಟಿದ ಅವರು ಮದ್ಯವನ್ನು ವಿಷವೆಂದೇ ಕರೆದು, ಅದನ್ನು ತಯಾರಿಸುವುದು, ಮಾರುವುದು, ಕುಡಿಯುವುದು ಮೂರನ್ನೂ ಬಿಡಬೇಕೆಂದು ತಮ್ಮ ಜನರಿಗೆ ಬೋಧಿಸಿದರು. ಕಳ್ಳು ಕೆತ್ತುವ ಒಂದು ಕತ್ತಿಯಿಂದ ನಾಲ್ಕು ಕ್ಷೌರದ ಕತ್ತಿಗಳನ್ನು ಮಾಡಿಕೊಂಡು ಬದುಕುವುದು ಮೇಲು ಎಂಬ ಅರ್ಥದ ಮಾತನ್ನೂ ಅವರು ಆಡಿದ್ದರೆಂದು ಪ್ರತೀತಿ. ಸಂತ ಥಾಮಸರು ಬೇರೆ ರೀತಿಯಲ್ಲಿ ತರ್ಕಿಸುತ್ತಾರೆ: ಪಾಪವಿಲ್ಲದೆ ಬಳಸಲು ಸಾಧ್ಯವೇ ಇಲ್ಲದ ವಸ್ತುವನ್ನು ತಯಾರಿಸುವವನು ದೋಷಿ; ಆದರೆ ಒಳಿತಿಗೂ ಕೆಡುಕಿಗೂ ಬಳಸಬಹುದಾದದ್ದನ್ನು ಮಾಡುವ ವೃತ್ತಿ ತನ್ನಷ್ಟಕ್ಕೆ ಪಾಪವಲ್ಲ. ಈ ಅಳತೆಯಲ್ಲಿ ಮೂರ್ತೆದಾರ ನಿರ್ದೋಷಿ. ಹಾಗಾದರೆ ಗುರುಗಳು ತಪ್ಪು ಹೇಳಿದರೇ?

ನನಗೆ ಹಾಗೆ ತೋರುವುದಿಲ್ಲ. ಥಾಮಸರು ಕೇಳಿದ ಪ್ರಶ್ನೆ, ಈ ಕೆಲಸ ಮಾಡಿದವನು ದೇವರ ಮುಂದೆ ಅಪರಾಧಿಯೇ ಎಂಬುದು. ಗುರುಗಳ ಪ್ರಶ್ನೆ ಬೇರೆ: ಈ ಕೆಲಸ ನನ್ನ ಜನರನ್ನು ಏನು ಮಾಡುತ್ತಿದೆ? ಅವಮಾನದ ಸರಪಳಿಯಲ್ಲಿ ವೃತ್ತಿಯೂ ಒಂದು ಕೊಂಡಿಯಾಗಿದ್ದಾಗ, ಮಕ್ಕಳು ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಮರ ಹತ್ತುತ್ತಿದ್ದಾಗ, ದುಡಿದದ್ದೆಲ್ಲ ಗುತ್ತಿಗೆದಾರನ ಪಾಲಾಗುತ್ತಿದ್ದಾಗ, ಕತ್ತಿಯನ್ನು ಕೆಳಗಿಡಿ ಎಂದು ಹೇಳುವುದು ಬಿಡುಗಡೆಯ ಮಾತು. ಅವರು ಅದನ್ನು ತಮ್ಮವರಿಗೆ, ತಮ್ಮವರಲ್ಲಿ ಒಬ್ಬರಾಗಿ ಹೇಳಿದರು. ಅದೇ ಮಾತನ್ನು ಸನ್ನಾಣ ತಿಂದು ಕೈ ತೊಳೆದ ನಾವು ಮೂರ್ತೆದಾರನಿಗೆ ಹೇಳಿದರೆ ಅದು ಬಿಡುಗಡೆಯಾಗಿ ಉಳಿಯದು, ಇನ್ನೊಂದು ತಿರಸ್ಕಾರವಾಗುತ್ತದೆ. ಒಂದೇ ಮಾತಿಗೆ ಹೇಳುವವನು ಯಾರೆಂಬುದರ ಮೇಲೆ ನೈತಿಕ ತೂಕ ಬದಲಾಗುತ್ತದೆ ಎಂಬುದನ್ನು ನೀತಿಶಾಸ್ತ್ರದ ಪಠ್ಯಗಳು ಅಷ್ಟಾಗಿ ಹೇಳುವುದಿಲ್ಲ.

ಕಳ್ಳಿನ ವಿರುದ್ಧ ನಡೆದ ಹೋರಾಟಗಳ ಚರಿತ್ರೆಯನ್ನು ನೋಡಿದರೆ ಏಟು ಬೀಳುವುದು ಯಾವಾಗಲೂ ಮರಕ್ಕೆ ಮತ್ತು ಮರ ಹತ್ತುವವನಿಗೆ. ಬ್ರಿಟಿಷರ ಕಾಲದಲ್ಲಿ ಅಬಕಾರಿ ಸುಂಕ ಸರಕಾರದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಹಾಗಾಗಿ ಸ್ವಾತಂತ್ರ್ಯ ಹೋರಾಟಗಾರರು ಅದರ ಬೇರಿಗೇ ಕೈ ಹಾಕಿದರು. ಪೆರಿಯಾರ್ ರಾಮಸ್ವಾಮಿಯವರು 1920ರ ದಶಕದ ಆರಂಭದಲ್ಲಿ ತಮ್ಮದೇ ತೋಟದ ತೆಂಗಿನ ಮರಗಳನ್ನು ಕಡಿಸಿದರು. ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ನಾಯಕತ್ವದಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದು ಸೆರೆಮನೆ ಸೇರಿದರು. ಅವರ ತ್ಯಾಗ ದೊಡ್ಡದು. 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿರೋಧವು 1948ರ ಹೊತ್ತಿಗೆ ಇಡೀ ಮದರಾಸು ಪ್ರಾಂತ್ಯಕ್ಕೆ, ಅಂದರೆ ಆಗ ಅದರ ಭಾಗವಾಗಿದ್ದ ನಮ್ಮ ದಕ್ಷಿಣ ಕನ್ನಡಕ್ಕೂ ವ್ಯಾಪಿಸಿತು. ಮೂರ್ತೆದಾರನ ಒಲೆ ಆರಿದ್ದರ ಬಗ್ಗೆ ಆ ಚರಿತ್ರೆಯ ಪುಟಗಳಲ್ಲಿ ಎಷ್ಟು ಸಾಲುಗಳಿವೆ? ಗಾಂಧೀಜಿಯವರು ಮಾತ್ರ ಈ ಕೊರತೆಯನ್ನು ಕಂಡಿದ್ದರು ಎನ್ನಬೇಕು. ಅದೇ ರಸದಿಂದ ಬೆಲ್ಲ ಮಾಡಿದರೆ ಮರವೂ ಉಳಿಯುತ್ತದೆ, ಮರ ಹತ್ತುವವನೂ ಉಳಿಯುತ್ತಾನೆ ಎಂದು ತಾಳೆಬೆಲ್ಲದ ಗ್ರಾಮೋದ್ಯೋಗಕ್ಕೆ ಅವರು ಬೆಂಬಲ ಕೊಟ್ಟರು.

ಆದರೆ ಕಾನೂನಿಗೆ ಸಿಹಿ ಮತ್ತು ಹುಳಿಯ ನಡುವಿನ ಆ ಕೆಲವು ಗಂಟೆಗಳ ವ್ಯತ್ಯಾಸ ಅಷ್ಟಾಗಿ ರುಚಿಸಲಿಲ್ಲ. ತೆಂಗಿಗೆ ನುಸಿರೋಗ ಬಂದು ಕಾಯಿಯ ಆದಾಯ ಕುಸಿದಾಗ, ನೀರಾ ಇಳಿಸಲು ಅವಕಾಶ ಕೊಡಿ ಎಂದು ಹಳೆ ಮೈಸೂರಿನ ರೈತರು ಬೇಡಿಕೊಂಡರು. ಆ ಚಳವಳಿ 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರಿನಲ್ಲಿ ಕೊನೆಗೊಂಡು ರೈತರ ಪ್ರಾಣ ಹೋಯಿತು. ಸಿಹಿನೀರಿಗಾಗಿ ಜೀವ ತೆತ್ತ ರೈತರು! ರಾಜ್ಯದಲ್ಲಿ ನೀರಾ ಇಳಿಸಲು ಅನುಮತಿ ದೊರೆತದ್ದು ಎಷ್ಟೋ ವರ್ಷಗಳ ನಂತರ.

ಇನ್ನೊಂದು ಕಡೆ, ಬಯಲುಸೀಮೆಯ ಶೇಂದಿಗೆ ಬೇರೆಯದೇ ಗತಿ ಬಂತು. ಗುತ್ತಿಗೆಯ ವ್ಯಾಪಾರ ಬೆಳೆದು, ಮರಗಳು ಕೊಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು “ಶೇಂದಿ” ಅಂಗಡಿಗಳಲ್ಲಿ ಹರಿಯತೊಡಗಿತು. ಮರದಿಂದ ಬಾರದ್ದು ಎಲ್ಲಿಂದ ಬಂತು? ನಿದ್ರೆ ಬರಿಸುವ ಕ್ಲೋರಲ್ ಹೈಡ್ರೇಟಿನಂಥ ರಾಸಾಯನಿಕಗಳನ್ನು ನೀರಿಗೆ ಕಲಸಿ ಬಂತು. ಕುಡಿದವರು ಅದಕ್ಕೆ ದಾಸರಾದರು. ಕೊನೆಗೆ ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ಬಹುಭಾಗದಲ್ಲಿ ಶೇಂದಿ ನಿಂತುಹೋಗಿ, ಕರಾವಳಿಯ ತೆಂಗಿನ ಕಳ್ಳು ಮಾತ್ರ ಉಳಿಯಿತು. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಳ್ಳು ಕುಡಿದು ಹಲವರು ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮರದ ಮಿತಿಯನ್ನು ಮೀರುವ ಆಸೆ ಹುಟ್ಟಿದ್ದು ಕುಡಿಯುವವನಲ್ಲಿ ಮೊದಲಲ್ಲ, ಮಾರುವವನಲ್ಲಿ. ಇಗ್ಬೊ ಜನರ ಆ ರೂಢಿ, ತಂದವನೇ ಮೊದಲು ಕುಡಿದು ತೋರಿಸುವುದು, ಇಲ್ಲಿ ನೆನಪಾಗುತ್ತದೆ. ಯಾವ ಗುತ್ತಿಗೆದಾರ ತನ್ನ ಅಂಗಡಿಯ ಮೊದಲ ಲೋಟವನ್ನು ತಾನು ಕುಡಿದಾನು?

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿಯಿಂದ ನೊಂದ ಹೆಣ್ಣುಮಕ್ಕಳು ನಿಟ್ಟುಸಿರುಬಿಟ್ಟರು. ಆದರೆ ಕುಡಿಯುವವನು ಕುಡಿತ ಬಿಡಲಿಲ್ಲ, ಅಗ್ಗದ ವಿಸ್ಕಿಗೆ ಬದಲಾದ. ಸಣ್ಣ ಕಾಗದದ ಡಬ್ಬಿಯಲ್ಲಿ ಬರುವ ಆ ಮದ್ಯಕ್ಕೆ ವರ್ಷಗಟ್ಟಲೆ ಆಯುಸ್ಸು. ಅದು ಬೆಳಗ್ಗೆಯೂ ಸಿಗುತ್ತದೆ, ಸಂಜೆಯೂ ಸಿಗುತ್ತದೆ, ಎಂದಿಗೂ ಬರಿದಾಗದು. ಅಮಲು ಕಳ್ಳಿನ ಏಳೆಂಟು ಪಟ್ಟು. ಕೌಂಟರಿನ ಕಂಬಿಯ ಹಿಂದಿರುವವನಿಗೆ ಕೊಳ್ಳುವವನ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮರ, ಮಡಕೆ, ಹೊತ್ತು, ನೆರೆಯವ ಎಲ್ಲರೂ ಹೊತ್ತಿದ್ದ ಭಾರ ಈಗ ಆ ಒಬ್ಬ ದಣಿದ ಮನುಷ್ಯನ ಮೇಲೆ ಬಿತ್ತು. ಅವನು ಸೋತಾಗ ಅದನ್ನು ಅವನ ದೌರ್ಬಲ್ಯ ಎಂದು ಹೆಸರಿಟ್ಟು ನಾವು ಮುಂದೆ ಸಾಗುತ್ತೇವೆ, ಖಜಾನೆ ತನ್ನ ಪಾಲನ್ನು ಎಣಿಸಿಕೊಳ್ಳುತ್ತದೆ.

ಇದನ್ನು ಹೆಣ್ಣುಮಕ್ಕಳು ನಮಗಿಂತ ಮೊದಲು ಅರ್ಥಮಾಡಿಕೊಂಡರು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಎಂಬತ್ತು ವರ್ಷಗಳ ಹಿಂದೆ ಈಚಲು ಮರ ಕಡಿದದ್ದೂ ಅದೇ ಚಿತ್ರದುರ್ಗದ ಸೀಮೆಯಲ್ಲಿ. ಈ ಬಾರಿ ಅವರ ಬೆರಳು ಮರದ ಕಡೆಗಿರಲಿಲ್ಲ; ವಿಧಾನಸೌಧದ ಕಡೆಗಿತ್ತು. ಪೂರ್ಣ ನಿಷೇಧ ಕೆಲಸ ಮಾಡುತ್ತದೆಯೇ ಎಂಬುದರಲ್ಲಿ ನನಗೆ ಅನುಮಾನವಿದೆ, ಕಳ್ಳದಾರಿಯ ಮದ್ಯದ ಸಾವುಗಳನ್ನು ನೋಡಿದ ಯಾರಿಗೂ ಇರುತ್ತದೆ. ಆದರೆ ಮಿತಿಯ ಪ್ರಶ್ನೆಯನ್ನು ಕುಡಿಯುವವನ ಆತ್ಮಸಾಕ್ಷಿಗೆ ಮಾತ್ರ ಒಪ್ಪಿಸಬೇಡಿ, ಕೊಡುವವರೂ ಲೆಕ್ಕ ಕೊಡಬೇಕು ಎಂಬ ಅವರ ಒತ್ತಾಯವನ್ನು ತಳ್ಳಿಹಾಕಲು ನನಗೆ ಯಾವ ತರ್ಕವೂ ತೋಚುವುದಿಲ್ಲ. ಥಾಮಸರು ನಾಲ್ಕನೆಯದಾಗಿ ಹೇಳಿದ್ದು, ಇತರರು ಎಡವುವಂತೆ ಮಾಡುವವನ ಮಾತು, ಕುಡಿಯುವವನಿಗೆ ಅನ್ವಯಿಸುವುದಾದರೆ ಕುಡಿಸುವವನಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಕುಡಿಸುವವನು ಎಂದರೆ ಅಂಗಡಿಯವನೊಬ್ಬನೇ ಅಲ್ಲ. ನಮ್ಮ ಮದುವೆಗಳನ್ನು ನೋಡಿ. ರೋಸ್ ಕಾರ್ಯಕ್ರಮದ ರಾತ್ರಿ ಬಾಟಲಿಗಳ ಸಾಲು ಎಷ್ಟು ಉದ್ದ ಎಂಬುದರಲ್ಲಿ ಮನೆತನದ ಘನತೆ ಅಡಗಿದೆ ಎಂದು ನಂಬುವವರು ಹೆಚ್ಚುತ್ತಿದ್ದಾರೆ. ಕುಡಿತ ಬಿಡಲು ಹೆಣಗುತ್ತಿರುವ ಚಿಕ್ಕಪ್ಪನೊಬ್ಬ ಅದೇ ಚಪ್ಪರದಡಿ ಕುಳಿತಿದ್ದಾನೆ ಎಂಬುದು ಮನೆಯವರಿಗೆ ಗೊತ್ತು. ಅವನ ಹೆಂಡತಿಗೂ ಗೊತ್ತು, ಆಕೆ ಆ ರಾತ್ರಿ ಒಂದು ತುತ್ತೂ ಉಣ್ಣುವುದಿಲ್ಲ. “ಅವನೇ ಮಿತದಲ್ಲಿರಬೇಕು, ನಾವೇನು ಬಾಯಿಗೆ ಸುರಿದೆವೇ?” ಎಂದು ಕೇಳುತ್ತಾರೆ. ಕಾನಾ ಊರಿನ ಮದುವೆಯನ್ನು ಇಂಥ ವಾದಕ್ಕೆ ಬೆಂಬಲವಾಗಿ ಎಳೆದು ತರುವ ಜಾಣರೂ ನಮ್ಮಲ್ಲಿ ಉಂಟು. ಆ ಮದುವೆಯಲ್ಲಿ ಒಬ್ಬ ತಾಯಿ ಮನೆಯವರ ಕೊರತೆಯನ್ನು ಅವರಿಗಿಂತ ಮೊದಲೇ ಗಮನಿಸಿದಳು ಎಂಬುದನ್ನು ಅವರು ಮರೆತುಬಿಡುತ್ತಾರೆ. ಅತಿಥಿಗೆ ಏನು ಬೇಕು, ಏನು ಬೇಡ ಎಂದು ಗಮನಿಸುವ ಕಣ್ಣು ಆತಿಥ್ಯದ ಮೊದಲ ಲಕ್ಷಣವಲ್ಲವೇ?

ಮೂರ್ತೆಯ ಕಥೆ ಈಗ ಬಹುತೇಕ ಮುಗಿಯುತ್ತಾ ಬಂದಿದೆ. 1974ರ ಭೂಸುಧಾರಣೆಯ ನಂತರ ಗೇಣಿದಾರರಾಗಿದ್ದ ಅನೇಕ ಬಿಲ್ಲವ ಕುಟುಂಬಗಳು ಭೂಮಿಯ ಒಡೆಯರಾದವು. ಮಕ್ಕಳು ಓದಿದರು, ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಗುರುಗಳು ಬಯಸಿದ್ದು ಇದನ್ನೇ ಅಲ್ಲವೇ? ಕರಾವಳಿಯ ಪೇಟೆಗಳಲ್ಲಿ ಮೂರ್ತೆದಾರರ ಸಹಕಾರ ಸಂಘ ಎಂಬ ಫಲಕ ಹೊತ್ತ ಕಟ್ಟಡಗಳು ಕಾಣುತ್ತವೆ. ಅವುಗಳಲ್ಲಿ ಹಲವು ಇಂದು ಠೇವಣಿ, ಸಾಲದ ವ್ಯವಹಾರ ನಡೆಸುತ್ತಿವೆ. ಹೆಸರಿನಲ್ಲಿ ಮಾತ್ರ ಮರ ಉಳಿದಿದೆ. ಮರ ಹತ್ತುವವರು ಊರಿಗೆ ಒಬ್ಬರೋ ಇಬ್ಬರೋ, ಎಷ್ಟೋ ಊರಿಗೆ ಅವರೂ ಇಲ್ಲ.

ನಾನು ಕೆಲವು ವರ್ಷ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದ ಬಳಿ ಅಂಥ ಒಬ್ಬರಿದ್ದರು. ಅರವತ್ತು ದಾಟಿದ ವಯಸ್ಸು, ಎಡಗಾಲು ಸ್ವಲ್ಪ ಕುಂಟು, ಹಿಂದೊಮ್ಮೆ ಬಿದ್ದದ್ದು. ದಿನಕ್ಕೆ ಏಳು ಮರ ಹತ್ತುತ್ತಿದ್ದರು. ಅವರಲ್ಲಿಗೆ ಬರುವ ಗಿರಾಕಿಗಳಲ್ಲಿ ಇಬ್ಬರಿಗೆ ಒಂದೇ ಲೋಟ, ಒಬ್ಬನಿಗೆ ಸೊನ್ನೆ ಎಂದು ಅವರೇ ನಿಶ್ಚಯಿಸಿದ್ದರು. ಆ ಒಬ್ಬನ ತಾಯಿ ಸಾಯುವ ಮುಂಚೆ ಕೇಳಿಕೊಂಡಿದ್ದಳಂತೆ. ಅವನು ಬೈದು, ಪೇಟೆಯ ಬಾರಿಗೆ ಹೋಗುತ್ತಿದ್ದ. ಅಲ್ಲಿ ಅವನನ್ನು ಕೇಳುವವರಿರಲಿಲ್ಲ. ನಮ್ಮ ಚರ್ಚಿನ ಹಬ್ಬಕ್ಕೆ ಸನ್ನಾಣದ ಕಲಿಯನ್ನು ಈ ಹಿರಿಯರೇ ಕೊಡುತ್ತಿದ್ದರು. ಒಂದು ವರ್ಷ ಹಬ್ಬದ ಸಮಿತಿಯ ತಾಯಂದಿರು ಅವರನ್ನು ಊಟಕ್ಕೆ ಕರೆದರು. ಬಿಳಿ ಅಂಗಿ ತೊಟ್ಟು ಬಂದು, ಪಂಕ್ತಿಯ ಕೊನೆಯಲ್ಲಿ ಕುಳಿತು, ಎರಡು ಸನ್ನಾಣ ತಿಂದು, ಹಿಟ್ಟು ಇನ್ನೂ ಅರ್ಧ ಗಂಟೆ ಬಿಡಬೇಕಿತ್ತು ಎಂದು ಅಡುಗೆಯವರಿಗೆ ಹೇಳಿದರು. ಸಂಜೆಯ ಮರಗಳು ಕಾಯುತ್ತಿವೆಯೆಂದು ಪಾಯಸಕ್ಕೆ ನಿಲ್ಲಲಿಲ್ಲ. ಅವರ ಮಗ ಈಗ ಕೊಲ್ಲಿಯಲ್ಲಿ ಲಾರಿ ಓಡಿಸುತ್ತಾನೆ; ಆ ಊರಿನ ಹಬ್ಬದ ಸನ್ನಾಣಕ್ಕೆ ಅಂಗಡಿಯಿಂದ ಯೀಸ್ಟಿನ ಪೊಟ್ಟಣ ತರುತ್ತಾರೆ.